ಪಹಣಿ ಓದದ ಹಸು

ಹಸುವಿನ ಮೇಲೆ ಹೊಟ್ಟೆಕಿಚ್ಚು ಪಡುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ನನ್ನನ್ನು ನೋಡಿ. ಪಕ್ಕದ ಮನೆಯ ಸೀಮೆಹಸು ಅದು, ಕಪ್ಪುಬಿಳುಪು ಮೈ, ಮದುಮಗಳ ನಡಿಗೆ. ಅದಕ್ಕೊಂದು ಹೆಸರೂ ಇದೆ. ಬರೆಯುವುದಿಲ್ಲ, ಅಷ್ಟು ಮರ್ಯಾದೆ ಕೊಡಲು ನನಗೆ ಮನಸ್ಸಿಲ್ಲ.

ನಮ್ಮ ಮನೆ ಅನ್ನಪೂರ್ಣೇಶ್ವರಿ ನಗರದಾಚೆ, ಬಡಾವಣೆಗಳು ನುಂಗಿ ಉಳಿಸಿದ ಹಳೇ ಊರಿನಲ್ಲಿದೆ. ಹೊಲಗಳೆಲ್ಲ ಸೈಟುಗಳಾದಾಗ ಅಪ್ಪ ದನಗಳನ್ನು ಮಾರಿ, ಕೊಟ್ಟಿಗೆಯನ್ನು ಕಾರು ನಿಲ್ಲಿಸುವ ಶೆಡ್ಡು ಮಾಡಿದ. ಉಳಿದದ್ದು ಮನೆಯ ಹಿಂದಿನ ಒಂದು ತುಂಡು ಜಮೀನು ಮಾತ್ರ. ಅದರ ಎರಡು ಬದಿಗೆ ಅಪಾರ್ಟ್‌ಮೆಂಟು, ಒಂದು ಬದಿಗೆ ನಾವು, ಇನ್ನೊಂದು ಬದಿಗೆ ಈ ಹಸುವಿನ ಮನೆ. ನೀರಿನ ಟ್ಯಾಂಕರಿನವರು ಆ ಜಾಗವನ್ನು ಗಾಡಿ ನಿಲ್ಲಿಸಲು ಬಾಡಿಗೆಗೆ ಕೇಳುತ್ತಿದ್ದರು. ನಾನು ಅವರೆ ಹಾಕುತ್ತೇನೆ ಎಂದು ಅಡ್ಡ ನಿಂತೆ.

ಅಪ್ಪ ನಕ್ಕ. ನಾನು ವಿಜಯನಗರದ ಮೊಬೈಲ್ ಅಂಗಡಿಯಲ್ಲಿ ಕೂತು ಬಂದವರ ದನಿಯನ್ನೆಲ್ಲ ಅಣಕಿಸುವವನು. ನಮ್ಮ ಬೀದಿಯಲ್ಲಿ ನಾನು ಅನುಕರಿಸದ ಕೆಮ್ಮಿಲ್ಲ.

"ನೀನು ಎಲ್ಲಾರ್ ದನಿ ಮಾಡೋನು ಕಣೋ, ಕೆಲಸ ಮಾಡೋನಲ್ಲ," ಎಂದ ಅಪ್ಪ. "ಆಗ್ಲಿ, ಒಂದ್ ಬೆಳೆ ನೋಡ್ತೀನಿ. ಕಾಯಿ ಬಿಟ್ರೆ ಜಾಗ ನಿಂದು. ಇಲ್ಲ ಅಂದ್ರೆ ಟ್ಯಾಂಕರ್ ನಿಲ್ಲತ್ತೆ."

ಅವರೆ ಮೇಲೆದ್ದು ಹೂವಿಗೆ ಬಂತು. ಹೂವಿನ ಜೊತೆಗೇ ಹಸುವೂ ಬಂತು.

ಅದರ ಒಡೆಯ ನನ್ನ ಜೊತೆ ಓದಿದವನು. ನಾನು ಪಾಠ ಮಾಡುವ ಮೇಷ್ಟರ ದನಿ ಮಾಡಿ ಚಪ್ಪಾಳೆ ಗಿಟ್ಟಿಸುತ್ತಿದ್ದಾಗ ಅವನು ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದ. ಈಗ ಅವನಿಗೆ ನಾಲ್ಕು ಹಸು, ನನಗೆ ಚಪ್ಪಾಳೆಯೂ ಇಲ್ಲ.

"ನಿನ್ ಹಸು ನನ್ ಬೆಳೆ ಮೇಯ್ತಾ ಇದೆ ಮಗಾ," ಎಂದೆ.

"ಅದಕ್ಕೇನ್ ಗೊತ್ತಾಗತ್ತೆ ಗುರು? ಅದೇನ್ ಪಹಣಿ ಓದತ್ತಾ?"

"ನೀನ್ ಓದ್ತೀಯಲ್ಲ!"

"ನಾನ್ ಎಲ್ಲಿ ಓದ್ದೆ? ನೀನೇ ನೋಡಿದೀಯಲ್ಲ," ಎಂದು ಹಲ್ಲು ಕಿರಿದ.

ಮೂರನೇ ಮಹಡಿಯ ಬಾಲ್ಕನಿಯ ಆಂಟಿಯಂತೂ ನೇರವಾಗಿ ಹಸುವಿನ ಪಕ್ಷ. ನಾನು ಕೋಲು ಹಿಡಿದು ಓಡಿದರೆ ಮೇಲಿನಿಂದ ಕೂಗುವರು: "ಅಯ್ಯೋ ಹೊಡೀಬೇಡಪ್ಪಾ, ಗೋಮಾತೆ! ಪಾಪ, ಒಂದ್ ಬಾಯಿ ತಿನ್ಲಿ ಬಿಡು." ಆ ತಾಯಿಯ ಒಂದು ಬಾಯಿ ಎಂದರೆ ನನ್ನ ಅರ್ಧ ಸಾಲು. ಆಂಟಿಯ ಕುಂಡದಲ್ಲಿರುವ ತುಳಸಿಯನ್ನು ಒಂದು ಬಾಯಿ ತಿನ್ನಲಿ ನೋಡೋಣ.

ಇದನ್ನೆಲ್ಲ ತಡೆದುಕೊಂಡೆ. ತಡೆಯಲಾರದ್ದನ್ನು ಒಂದು ಬೆಳಿಗ್ಗೆ ನೋಡಿದೆ. ಹಸು ನನ್ನ ಅವರೆಯ ನಡುವೆ ನಿಂತು ಬಳ್ಳಿ ಎಳೆಯುತ್ತಿತ್ತು. ಪಕ್ಕದಲ್ಲಿ ಅಪ್ಪ. ಓಡಿಸುತ್ತಿರಲಿಲ್ಲ. ಅದರ ಕತ್ತಿನಡಿ ಜೋಲುವ ಗಂಗೆದೊಗಲನ್ನು ಕೆರೆಯುತ್ತಾ, "ಏನವ್ವಾ, ರಾತ್ರಿ ಸೊಳ್ಳೆ ಕಾಟವಾ?" ಎಂದು ಕೇಳುತ್ತಿದ್ದ. ಹಸು ಕತ್ತು ಚಾಚಿ ಕಣ್ಣು ಮುಚ್ಚಿತ್ತು. ನನಗೆ ಜ್ವರ ಬಂದಾಗಲೂ ಅಪ್ಪ ಆ ದನಿಯಲ್ಲಿ ಮಾತಾಡಿಸಿದವನಲ್ಲ. ಊರಿನವರ ದನಿಗಳೆಲ್ಲ ನನ್ನ ಗಂಟಲಲ್ಲಿವೆ; ಅಪ್ಪನ ಆ ದನಿ ನನಗೆ ಗೊತ್ತೇ ಇರಲಿಲ್ಲ.

"ಅಪ್ಪಾ, ಅದು ನನ್ ಬೆಳೆ!"

"ಗೊತ್ತು ಕಣೋ. ಈಗ್ ತಾನೇ ಬಂತು."

ನನ್ನ ಹೊಟ್ಟೆಯಲ್ಲಿ ಒಲೆ ಹತ್ತಿಕೊಂಡಿತು. ಹಿಂದೆ ಊರಿನಲ್ಲಿ ದೊಡ್ಡಿ ಅಂತ ಇತ್ತಂತೆ. ಬೆಳೆ ಮೇಯ್ದ ದನವನ್ನು ಅಲ್ಲಿ ಕೂಡಿಹಾಕಿದರೆ ಒಡೆಯನೇ ತಲೆ ತಗ್ಗಿಸಿ ಬಂದು ಬಿಡಿಸಿಕೊಳ್ಳಬೇಕು. ದೊಡ್ಡಿ ಇದ್ದ ಜಾಗದಲ್ಲಿ ಈಗ ಜಿಮ್ ಇದೆ. ಇರಲಿ, ನಮ್ಮ ಕಾರ್ ಶೆಡ್ಡು ಇದೆಯಲ್ಲ! ಅಂಗಡಿಗೆ ರಜೆಯಿದ್ದ ದಿನ ಹಸು ಜಮೀನಿಗೆ ಕಾಲಿಟ್ಟಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಅದರ ಒಡೆಯನ ದನಿಯಲ್ಲಿ, ಅವನು ಹಿಂಡಿ ಕಲಸಿಟ್ಟು ಕರೆಯುವ ಹಾಗೇ, "ಬಾ ಬಾ ಬಾ ಬಾ, ಹೋಯ್" ಎಂದೆ. ದಡ್ಡ ಪ್ರಾಣಿ ಕುಣಿಯುತ್ತಾ ಒಳಗೆ ಬಂತು. ಕಂಬಕ್ಕೆ ಕಟ್ಟಿ, ಬಾಗಿಲೆಳೆದು, ಗೆದ್ದ ಸೇನಾಪತಿಯ ಹಾಗೆ ಅವನಿಗೆ ಫೋನ್ ಮಾಡಿದೆ.

"ನಿನ್ ಹಸು ಕಟ್ಟಾಕಿದೀನಿ. ಜಮೀನಿಗೆ ಬೇಲಿ ಹಾಕ್ಸು, ಆಮೇಲ್ ಬಿಡ್ತೀನಿ."

ಕಾಲಿಗೆ ಬೀಳುತ್ತಾನೆ ಎಂದುಕೊಂಡಿದ್ದೆ.

"ಒಳ್ಳೇದಾಯ್ತು ಬಿಡು ಗುರು!" ಎಂದ. "ನಾನ್ ಕುರುಬರಹಳ್ಳಿಲಿ ಅಕ್ಕನ್ ಮನೇಲಿದೀನಿ, ಎಲ್ರೂ ಇಲ್ಲೇ ಇದೀವಿ. ಆಳು ಬೇರೆ ಕೈ ಕೊಟ್ಟ. ಇದೊಂದಾದ್ರೂ ನೀನ್ ನೋಡ್ಕೊ, ಮಿಕ್ಕಿದ್ದು ಪಕ್ಕದ್ ಬೀದಿ ಚಿಕ್ಕಪ್ಪ ನೋಡ್ಕೋತಾರೆ. ಮಧ್ಯಾಹ್ನ ನೀರು ಕುಡಿಸ್ಬೇಕು. ಸಾಯಂಕಾಲ ಹಾಲ್ ಕರೀಬೇಕು, ಮರೀಬೇಡ. ಇಲ್ಲ ಅಂದ್ರೆ ಕೆಚ್ಚಲು ಬಾತ್ಕೊಳತ್ತೆ."

"ಲೋ, ನಾನ್ ದೊಡ್ಡಿಗೆ ಹಾಕಿರೋದು ಕಣೋ!"

"ಹ್ಞೂ ಗುರು, ಥ್ಯಾಂಕ್ಸ್," ಎಂದು ಫೋನಿಟ್ಟ.

ಕೈದಿಗೆ ಊಟ ಹಾಕಬೇಕಾದದ್ದು ಕಟ್ಟಿಹಾಕಿದವನೇ ಎಂಬುದು ನನಗೆ ಹೊಳೆದೇ ಇರಲಿಲ್ಲ. ಮಧ್ಯಾಹ್ನಕ್ಕೆ ಹಸು ಅಂಬಾ ಎಂದು ಶುರುಮಾಡಿತು. ಬಕೆಟ್ಟುಗಟ್ಟಲೆ ನೀರು ಹೊತ್ತೆ. ಆಂಟಿ ಬಾಲ್ಕನಿಯಿಂದ, "ಹೊಟ್ಟೆ ಹಸೀತಾ ಇದೆ ಕಣಪ್ಪಾ ಅದಕ್ಕೆ!" ಎಂದರು. ಹುಲ್ಲು ಎಲ್ಲಿಂದ ತರಲಿ? ಕುಡುಗೋಲು ಹಿಡಿದು ಹೋಗಿ, ಅದು ಅರ್ಧ ತಿಂದು ಬಿಟ್ಟ ಬಳ್ಳಿಗಳನ್ನು ನಾನೇ ಕೊಯ್ದು ತಂದೆ. ಇಷ್ಟು ದಿನ ಅದು ನಡೆದುಹೋಗಿ ಮೇಯುತ್ತಿತ್ತು. ಈಗ ನನ್ನ ಅವರೆಯನ್ನು ನಾನೇ ತಂದು ಬಡಿಸುತ್ತಿದ್ದೆ.

ಸಂಜೆ ಅದರ ಕೆಚ್ಚಲು ಬಿಗಿದಿತ್ತು. ಚೊಂಬು ಹಿಡಿದು ಕೂತೆ. ಒಡೆಯನ ದನಿಯಲ್ಲೇ ರಮಿಸಿದೆ. ಬೆಳಿಗ್ಗೆ ಆ ದನಿಗೆ ಮರುಳಾಗಿ ಒಳಗೆ ಬಂದಿದ್ದ ಹಸು, ನನ್ನ ಬೆರಳು ತಾಗಿದ್ದೇ ಚೊಂಬನ್ನು ಕಾರಿನ ಕೆಳಗೆ ಒದ್ದಿತು.

"ಏಳೋ ಅತ್ಲಾಗೆ," ಎಂದು ಅಪ್ಪ ಬಂದ.

ಪಂಚೆ ಮೇಲಕ್ಕೆ ಕಟ್ಟಿ, ಕೆಚ್ಚಲು ತೊಳೆದು, ಹಣೆಯನ್ನು ಹಸುವಿನ ಪಕ್ಕೆಗೆ ಆನಿಸಿ ಕುಕ್ಕರುಗಾಲಲ್ಲಿ ಕೂತ. ಮಂಡಿನೋವು ಎಂದು ದೇವಸ್ಥಾನದ ಮೆಟ್ಟಿಲೂ ಹತ್ತದ ಅಪ್ಪ! ಚೊಂಬಿನೊಳಗೆ ಸರ್ ಸರ್ ಎಂದು ಹಾಲು ಬಿತ್ತು, ನೊರೆ ಬಂತು. ಅಮ್ಮ ಒಳಗಿನಿಂದ ಪಾತ್ರೆ ತಂದು ಬಾಗಿಲಲ್ಲೇ ನಿಂತಳು. ನಾನು ಚಿಲಕದ ಹಾಗೆ ಬಾಗಿಲಿಗೆ ಅಂಟಿಕೊಂಡು, ಆ ಹಸುವಿನ ಪಕ್ಕೆಯನ್ನು ನೋಡುತ್ತಾ ಒಳಗೊಳಗೇ ಉರಿದೆ.

ಮರುದಿನ ಒಡೆಯ ಬಂದ. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಶುರುಮಾಡಿದ.

"ನೋಡಪ್ಪಾ, ಇವನ್ ಬೆಳೆ ನಿನ್ ಹಸು ತಿಂದದ್ದು ತಪ್ಪು. ಮುಂದಿನ ಅರ್ಧ ಇವನ್ದು. ಅದಕ್ಕೆ ಮುಳ್ಳುತಂತಿ ನೀನೇ ಹಾಕ್ಸು, ಈ ವಾರದಲ್ಲೇ. ಹಿಂದಿನರ್ಧ ಹೆಂಗೂ ಹಾಳಾಗಿದೆ. ಅಲ್ಲಿ ನೀನು ಹುಲ್ಲು ಬೆಳ್ಕೊ."

"ಆಯ್ತು ಮಾವ. ಹಾಲು ದಿನಾ ಮನೆಗೆ ಕಳಿಸ್ತೀನಿ."

"ಹಾಲು ಬೇಡ. ಸಂಜೆ ಹೊತ್ತು ನಾನೇ ಬಂದು ಕರೀತೀನಿ."

"ಅಪ್ಪಾ, ನನ್ ಜಾಗ ಅರ್ಧ ಕೊಟ್ಬಿಟ್ಯಲ್ಲ!" ಎಂದೆ.

"ಉಳಿದಿರೋ ಅರ್ಧದಲ್ಲಿ ಕಾಯಿ ಬರ್ಸು, ನೋಡಣ," ಎಂದ ಅಪ್ಪ.

ತಂತಿ ಬಂತು. ಹಸು ಆಚೆಯಿಂದ ಮೂತಿ ಚಾಚಿ ಸೋತಿತು. ಚಳಿ ಬಿದ್ದಾಗ ನನ್ನ ಬಳ್ಳಿಗಳ ತುಂಬ ಕಾಯಿ, ಕೈಗೆ ಅಂಟುವ ಸೊಗಡು. ಒಂದು ಭಾನುವಾರ ಅಮ್ಮ ಹಿತಕಿದ ಬೇಳೆ ಸಾರು ಮಾಡಿದಳು. ಊಟಕ್ಕೆ ಕೂತಾಗ ಹೊತ್ತು ಇಳಿದಿತ್ತು. ಅಪ್ಪ ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿದ.

"ಚೆನ್ನಾಗಿದೆ ಕಣೋ. ಜಾಗ ನಿಂದೇ. ಟ್ಯಾಂಕರ್‌ನವ್ರಿಗೆ ಇಲ್ಲ ಅಂದ್ಬಿಟ್ಟೆ."

ಇದೊಂದು ಮಾತಿಗಾಗಿ ನಾನು ಇಷ್ಟು ದಿನ ಮಣ್ಣು ಕೆದರಿದ್ದೆ. "ಇನ್ನೊಂದು ಮುದ್ದೆ ಹಾಕ್ಕೊ ಅಪ್ಪಾ," ಎಂದು ಸೌಟು ಎತ್ತಿದೆ.

"ಸಾಕು. ಹಾಲ್ ಕರೆಯೋ ಹೊತ್ತಾಯ್ತು, ಅದು ಕಾಯ್ತಾ ಇರತ್ತೆ."

ತಟ್ಟೆಯಲ್ಲೇ ಕೈ ತೊಳೆದು, ಪಂಚೆ ಎತ್ತಿ ಕಟ್ಟುತ್ತಾ ಹೊರಟ. ಎತ್ತಿದ ಸೌಟಿನ ಸಾರನ್ನು ನನ್ನ ತಟ್ಟೆಗೇ ಸುರಿದುಕೊಂಡೆ.