ಖಣಿಯ ದಂಡೆಯ ಇನ್‌ಸ್ಪೆಕ್ಟರ್

ಕಂಡಕಂಡಲ್ಲಿ ಕಸ ಚೆಲ್ಲುವುದನ್ನು ತಡೆಯಲು ಸರ್ಕಾರ ಏನೇ ಕಳಿಸಲಿ, ನಮ್ಮ ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರ್ ಅಂಬಾರಾಯರು ಮೊದಲು ಅದಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಾರೆ. ದಂಡದ ಬೋರ್ಡಿಗೆ ಒಡೆದರು, ಹೊಸ ಟ್ರ್ಯಾಕ್ಟರಿಗೆ ಒಡೆದರು, ಚಿತ್ತಾಪುರ ರಸ್ತೆಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲು ತೆಗೆದು ಹಾಳುಬಿಟ್ಟ ಖಣಿಯನ್ನು ಕಾಯಲು ಬಂದ ಕ್ಯಾಮೆರಾಕ್ಕೂ ಒಡೆದರು. ಮದುವೆಯ ಎಂಜಲೆಲೆ ಸುರಿಯಲು ಬಂದವನನ್ನು ಹಿಡಿದು, “ಕ್ಯಾಮೆರಾ ನೋಡ್ಲಿಕತ್ತದ, ನಾಚಿಕಿ ಬರಂಗಿಲ್ಲೇನು?” ಎಂದು ಅಲ್ಲೇ ದಂಡ ಹಾಕುತ್ತಾರೆ. ಸಂಜೆ ಅದೇ ಹೊಸ ಟ್ರ್ಯಾಕ್ಟರ್ ಊರ ಕಸವನ್ನೆಲ್ಲ ತುಂಬಿಕೊಂಡು ಅದೇ ಖಣಿಗೆ ಬರುತ್ತದೆ. ಆಗ ಅಂಬಾರಾಯರು ಕೋಲಿಗೆ ಟವೆಲು ಸಿಕ್ಕಿಸಿ, ಕ್ಯಾಮೆರಾದ ಮೇಲೆ ಹೊದಿಸಿ, “ಸರ್ಕಾರ ಎಲ್ಲಾ ಕೊಟ್ಟದರಿ, ಕಸ ಚೆಲ್ಲಲಿಕ್ಕ ಜಾಗಾ ಒಂದು ಕೊಟ್ಟಿಲ್ಲ” ಎನ್ನುತ್ತಾರೆ. ಆದರೆ ಕಸ ಸುರಿಸುವ ಮುಂಚೆ ದಿನವೂ ಚಪ್ಪಲಿ ಬಿಟ್ಟು, ಖಣಿಯ ಅಂಚು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಖಣಿಯಲ್ಲಿ ನಿಂತ ನೀರನ್ನೇ ಕುಡಿಯುವ ಪಕ್ಕದ ಗುಡಿಸಲಿನ ಸಾಬಮ್ಮ ಮೊನ್ನೆ ಕೊಡ ಇಳಿಸಿ ಕೇಳಿಯೇಬಿಟ್ಟಳು: “ಇಲ್ಲಿ ಯಾವ ದೇವ್ರು ಅದಾನ್ರಿ ಸಾಹೇಬ್ರ?” “ನಮ್ಮಪ್ಪ ಇದ್ರಾಗ ಕಲ್ಲು ಒಡದು ನನಗ ಸಾಲಿ ಕಲಿಸ್ಯಾನವ್ವ” ಎಂದರು ಅಂಬಾರಾಯರು, ಮತ್ತೆ ಬರಿಗಾಲಲ್ಲೇ ನಿಂತು, ಸುರಿಯಲು ಟ್ರ್ಯಾಕ್ಟರಿಗೆ ಕೈಸನ್ನೆ ಮಾಡಿದರು.