ಅವರೆಕಾಳು ಹಿತಕಿದ ವೀರ

ಪ್ರತಿ ಮನುಷ್ಯನೊಳಗೂ ಒಬ್ಬ ವೀರ ಮಲಗಿರುತ್ತಾನೆ. ನನ್ನೊಳಗಿನವನು ಎದ್ದದ್ದು ಚಾಮರಾಜಪುರಂನ ಪಾರ್ಕಿನಲ್ಲಿ, ನೆನೆಸಿದ ಅವರೆಕಾಳಿನ ಮುಂದೆ. ಬಡಾವಣೆಯವರ ಮಾಗಿ ಮೇಳದಲ್ಲಿ ಐದು ನಿಮಿಷಕ್ಕೆ ಯಾರು ಹೆಚ್ಚು ಬೇಳೆ ಹಿತಕುತ್ತಾರೋ ಅವರಿಗೆ ಬಹುಮಾನ. ಶಾಲೆಯಲ್ಲೂ ಕಚೇರಿಯಲ್ಲೂ ಒಂದು ಬಹುಮಾನವನ್ನೂ ಕಾಣದ ನಾನು ಹೆಸರು ಕೊಟ್ಟೇಬಿಟ್ಟೆ. ಪಕ್ಕದ ಕುರ್ಚಿಯಲ್ಲೇ ಹೆಂಡತಿ.

“ಇವತ್ತು ನಾನು ನಿಮ್ಮ ಹೆಂಡ್ತಿ ಅಲ್ಲ ಕಣ್ರೀ, ಎದುರಾಳಿ,” ಎಂದಳು.

ಸೀಟಿ ಊದಿದರು. ಮೂವತ್ತು ಚಳಿಗಾಲ ಮನೆಯಲ್ಲಿ ಗುಟ್ಟಾಗಿ ಪಳಗಿದ ನನ್ನ ಬೆರಳುಗಳ ನಡುವಿನಿಂದ ಬೇಳೆ ಪುಳಕ್ ಪುಳಕ್ ಎಂದು ಚಿಮ್ಮಿತು. ಜನ ನನ್ನ ಸುತ್ತಲೇ ಸೇರಿ ಚಪ್ಪಾಳೆ ತಟ್ಟತೊಡಗಿದರು. ಎಲ್ಲರಿಗಿಂತ ಮೊದಲು ನನ್ನ ಬಟ್ಟಲು ತುಂಬಿತು. ತುಂಬಿದೊಡನೆ, ಮನೆಯಲ್ಲಿ ಮಾಡುವಂತೆಯೇ, ಅದನ್ನೆತ್ತಿ ಹೆಂಡತಿಯ ಪಾತ್ರೆಗೆ ಸುರಿದೆ.

ಚಪ್ಪಾಳೆ ನಿಂತಿತು. ಮತ್ತೆ ಸೀಟಿ; ಐದು ನಿಮಿಷ ಮುಗಿದಿತ್ತು.

“ನಾನೇನ್ ಕೇಳಿದ್ನಾ? ನೀವಾಗೇ ಸುರಿದ್ಬುಟ್ರಿ,” ಎಂದು ಅವಳು ಪಾತ್ರೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಯಾರ ಪಾತ್ರೆಯಲ್ಲಿದೆಯೋ ಅವರದೇ ಲೆಕ್ಕ ಎಂದು ತೀರ್ಪುಗಾರರೂ ಹೇಳಿದರು.

ಅವಳು ಗೆದ್ದ ಮೊದಲ ಬಹುಮಾನದ ಸ್ಟೀಲ್ ಡಬರಿ ಈಗ ನಮ್ಮ ಅಡುಗೆಮನೆಯಲ್ಲಿದೆ. ನಾನು ಹಿತಕಿದ ಬೇಳೆಯನ್ನು ಅದಕ್ಕೇ ಸುರಿಯುತ್ತೇನೆ.