ಅತ್ತೆಯ ತಿಥಿಗೆ ಇಳಿಯದ ಕಾಗೆ

ಇವತ್ತು ಬೆಳಿಗ್ಗೆ ಹಾಲು ತರಲು ಹೋದಾಗ ಪಕ್ಕದ ಪಾನ್ ಅಂಗಡಿಯವನು ಸುಣ್ಣ ಕಲಸುತ್ತಿದ್ದ. ಆ ವಾಸನೆಗೆ ಕಾಲು ತಾನಾಗಿ ನಿಂತಿತು. ನನಗೆ ಎಲೆ ಅಡಿಕೆಯ ಚಟವಿದೆ ಎಂದು ತಿಳಿಯಬೇಡಿ. ನಮ್ಮತ್ತೆಯ ಬಗ್ಗೆ ಇಡೀ ಹೌಸಿಂಗ್ ಸೊಸೈಟಿ ಹಾಗೇ ತಿಳಿದಿತ್ತು. ವಾರಕ್ಕೊಂದು ಡಬ್ಬಿ ಸುಣ್ಣ ಕೊಳ್ಳುವ ಹೆಂಗಸಿನ ಬಗ್ಗೆ ಜನ ಇನ್ನೇನು ಅಂದುಕೊಂಡಾರು? ಅವರು ಅದನ್ನು ಮೆಕ್ಕೆಜೋಳ ಬೇಯಿಸುವ ನೀರಿಗೆ ಹಾಕುತ್ತಿದ್ದರು. ಬೆಂದ ಕಾಳನ್ನು ತೊಳೆದು, ರುಬ್ಬಿ, ತೆಳ್ಳಗೆ ರೊಟ್ಟಿ ತಟ್ಟುತ್ತಿದ್ದರು. ಅವರು ಹುಟ್ಟಿದ ಮೆಕ್ಸಿಕೋದಲ್ಲಿ ಹಾಗೇ ಮಾಡುತ್ತಾರಂತೆ.

ಹೌದು, ನಮ್ಮತ್ತೆ ಮೆಕ್ಸಿಕೋದವರು. ಮಾವ ಧಾರವಾಡದವರು, ವಡೋದರಾದ ಮಕರಪುರದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ತರಬೇತಿಗೆಂದು ಆ ದೇಶಕ್ಕೆ ಹೋದವರು ಲುಪೆ ಎಂಬ ಹುಡುಗಿಯನ್ನು ಮದುವೆಯಾಗಿ ಬಂದರು. ಧಾರವಾಡದ ನೆಂಟರು ಆಕೆಯನ್ನು ನಿಂತ ನಿಲುವಿನಲ್ಲೇ ರೂಪಕ್ಕ ಮಾಡಿಬಿಟ್ಟರು. ಮಾವ ಬೇಗ ತೀರಿಕೊಂಡಾಗಲೂ ಅತ್ತೆ ತವರಿನ ಕಡೆ ಮುಖ ಮಾಡಲಿಲ್ಲ. ಮಕರಪುರದಲ್ಲಿ ದುಡಿಯುತ್ತಿದ್ದ ಕನ್ನಡದ ಹುಡುಗರಿಗೆ ಊಟದ ಡಬ್ಬಿ ಕಟ್ಟಿ ಕಟ್ಟಿಯೇ ಮಗನನ್ನೂ ಮಗಳನ್ನೂ ಓದಿಸಿದರು. ನಾನು ಮೈಸೂರು ಕಡೆಯವಳು. ಫಾರಿನ್ ಅತ್ತೆಯೆಂದು ಇಂಗ್ಲಿಷಿನಲ್ಲಿ ನಾಲ್ಕು ಮಾತು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. "ಬಾರವ್ವಾ, ಕೈಕಾಲ ತೊಳಕೋ, ಊಟಕ್ಕ ಬಡಸ್ತೀನಿ" ಎಂದರು ನೋಡಿ, ಕಲಿತದ್ದೆಲ್ಲ ಗಂಟಲಲ್ಲೇ ಉಳಿಯಿತು.

ಹನ್ನೆರಡು ವರ್ಷ ಆ ಅಡುಗೆಮನೆಯಲ್ಲಿ ನಾನು ಎರಡನೆಯವಳು. ಸುಳ್ಳೇಕೆ ಹೇಳಲಿ, ಅದು ನನಗೆ ಹಿಡಿಸುತ್ತಿರಲಿಲ್ಲ. ಕೊನೆಯ ವರ್ಷ ಅವರಿಗೆ ಮರೆವು ಶುರುವಾಯಿತು. ಒಂದು ದಿನ ಗ್ಯಾಸ್ ಹಚ್ಚಿಟ್ಟು ಮರೆತರು. ಪಾತ್ರೆ ಸೀದು ಮನೆಯೆಲ್ಲ ಹೊಗೆ. ನಾನು ಓಡಿಬಂದು ಕೈಯಿಂದ ಸೌಟು ಕಿತ್ತುಕೊಂಡೆ. "ಸಾಕು ಅತ್ತೆ! ಇನ್ನು ಈ ಕಡೆ ಕಾಲಿಡಬೇಡಿ." ಮಾತು ಸರಿಯಾಗಿಯೇ ಇತ್ತು, ದನಿ ಕೆಟ್ಟದಾಗಿತ್ತು. ಅವರು ಮೂರು ತಿಂಗಳು ಅಡುಗೆಮನೆಯ ಹೊಸ್ತಿಲಾಚೆ ಸ್ಟೂಲ್ ಹಾಕಿಕೊಂಡು ಕೂತರು, ಒಂದು ದಿನವೂ ಒಳಗೆ ಬರಲಿಲ್ಲ, ಹಾಗೇ ಹೊರಟುಹೋದರು. ತಪ್ಪಾಯಿತು ಎನ್ನಬೇಕೆಂದಿದ್ದೆ. ನಾಳೆ, ನಾಡಿದ್ದು ಅಂತ ಮುಂದಕ್ಕೆ ಹಾಕುತ್ತಲೇ ಇದ್ದೆ.

ವರ್ಷದ ತಿಥಿ ಮೇ ತಿಂಗಳಲ್ಲಿ ಬಂತು. ಧಾರವಾಡದಿಂದ ಮಾವನ ಅಣ್ಣ, ಅಂದರೆ ದೊಡ್ಡ ಮಾವ, ಬಂದರು. ಸೂರತ್ತಿನಿಂದ ನಾದಿನಿಯ ಸಂಸಾರ, ಅಹಮದಾಬಾದಿನಿಂದ ಕನ್ನಡದ ಆಚಾರ್ಯರು. ತಾರಸಿಯ ಮೇಲೆ ಪಿಂಡವಿಟ್ಟು, ಪಕ್ಕದಲ್ಲಿ ಎಡೆ ಬಡಿಸಿ, ಕಾಗೆಗೆ ಕಾದೆವು. ಕಾಗೆ ಮುಟ್ಟುವ ತನಕ ಮನೆಯವರು ಊಟ ಮಾಡುವಂತಿಲ್ಲ. ಮುಟ್ಟದಿದ್ದರೆ ಹೋದವರ ಮನಸ್ಸಿನಲ್ಲಿ ಏನೋ ಕೊರಗು ಉಳಿದಿದೆ ಎಂದರ್ಥ.

ಒಂದು ಗಂಟೆಯಾಯಿತು, ಎರಡಾಯಿತು. ಅಳಿಲು ಬಂತು, ಪಾರಿವಾಳ ಬಂದವು. ಕಾಗೆ ಮಾತ್ರ ನೀರಿನ ಟ್ಯಾಂಕಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿತ್ತು. ನನ್ನ ಗಂಡ ಕೈಮುಗಿದು, "ಅವ್ವಾ, ತಂಗೀನ್ನ ಚೆಂದಾಗಿ ನೋಡ್ಕೋತೀನಿ" ಎಂದರು. ಅದು ಕದಲಲಿಲ್ಲ. ನಾದಿನಿಯ ಗಂಡ, ಪಾಪ, ಗುಟ್ಕಾ ಬಿಡುವುದಾಗಿ ಮಾತು ಕೊಟ್ಟರು. ಕಾಗೆಗೂ ಅದರಲ್ಲಿ ನಂಬಿಕೆ ಬಂದಂತೆ ಕಾಣಲಿಲ್ಲ.

"ಬ್ಯಾರೆ ದೇಶದಾಕಿ. ಆಕಿಗೆ ನಮ್ಮ ತಿಥಿ ಮುಟ್ಟತದೋ ಇಲ್ಲೋ," ದೊಡ್ಡ ಮಾವ ಗೊಣಗಿದರು.

ದೇಶವೂ ಅಲ್ಲ, ಮಣ್ಣೂ ಅಲ್ಲ, ಆ ಸೌಟು ಎಂದು ನನಗೊಬ್ಬಳಿಗೇ ಗೊತ್ತಿತ್ತು. ತಪ್ಪಾಯ್ತು ಅತ್ತೆ, ಒಂದು ಸಲ ಬಂದು ಹೋಗಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಕಾಗೆ ಕತ್ತು ತಿರುಗಿಸಿ ಆಚೆ ನೋಡಿತು. ಎಲ್ಲರೆದುರು ಕಣ್ಣೀರು ಬಂದುಬಿಟ್ಟಿತು, ಹೊಗೆ ಕಾರಣ ಎನ್ನಲು ಅಲ್ಲಿ ಒಲೆಯೂ ಇರಲಿಲ್ಲ.

ಅಷ್ಟರಲ್ಲಿ ನಾದಿನಿಯ ಪುಟ್ಟ ಮಗಳು ಸೆರಗು ಜಗ್ಗಿ, "ಮಾಮಿ, ಭೂಖ್ ಲಾಗಿ ಛೇ" ಎಂದಳು. ಹಸಿವು ಎನ್ನುವ ಮಾತು ಕಿವಿಗೆ ಬಿದ್ದದ್ದೇ ನನಗೆ ಥಟ್ಟನೆ ಹೊಳೆಯಿತು. ಮನೆಯಲ್ಲಿ ಒಬ್ಬರು ಹಸಿದಿದ್ದರೂ ನಮ್ಮತ್ತೆ ತುತ್ತು ಬಾಯಿಗಿಟ್ಟದ್ದುಂಟೇ? ಜ್ವರವಿದ್ದ ದಿನವೂ ನಾವೆಲ್ಲ ಉಂಡೆದ್ದ ಮೇಲೇ ತಳದ ಅನ್ನ ಬಳಿದುಕೊಂಡು ಕೂರುತ್ತಿದ್ದರು. ಅಂಥವರೆದುರು ಹದಿನೈದು ಜನ ಹಸಿದುಕೊಂಡು ಕೂತು, ನೀವು ಮೊದಲು ಉಣ್ಣಿ ಎಂದರೆ ಉಂಡಾರೇ!

"ಏಳಿ ಎಲ್ಲರೂ, ಎಲೆ ಹಾಕ್ತೀನಿ. ಊಟ ಮಾಡೋಣ," ಎಂದೆ.

"ಹುಚ್ಚು ಹಿಡದದೇನು ನಿನಗ?" ದೊಡ್ಡ ಮಾವ ಗುಡುಗಿದರು.

ಆಚಾರ್ಯರು ಮೆಲ್ಲಗೆ ಕೆಮ್ಮಿದರು. "ಮಕ್ಕಳಿಗೂ ರೋಗಿಗಳಿಗೂ ದೋಷವಿಲ್ಲ. ಹೇಳಬೇಕೆಂದರೆ ನನಗೂ ಶುಗರ್ ಇದೆ."

ಅಷ್ಟು ಸಿಕ್ಕಿದ್ದೇ ತಡ, ಮನೆ ತುಂಬ ರೋಗಿಗಳು. ಒಬ್ಬರಿಗೆ ಬಿಪಿ, ಒಬ್ಬರಿಗೆ ಅಸಿಡಿಟಿ. ದೊಡ್ಡ ಮಾವ ತಮ್ಮ ಮಂಡಿನೋವನ್ನು ನೆನಪಿಸಿಕೊಂಡು ಎಲೆಯ ಮುಂದೆ ಕೂತರು.

ಎಲ್ಲರಿಗೂ ಬಡಿಸಿ ತಾರಸಿಗೆ ಹೋಗಿ ನೋಡಿದೆ. ಕಾಗೆ ಟ್ಯಾಂಕಿನ ಮೇಲೇ ಇತ್ತು. ಇನ್ನು ಯಾರು ಉಳಿದರು ಎಂದು ಲೆಕ್ಕ ಹಾಕಿದರೆ, ಉಳಿದವಳು ನಾನೇ. ಕೆಳಗಿಳಿದು ಬಟ್ಟಲಿಗೆ ಅನ್ನ ಸಾರು ಹಾಕಿಕೊಂಡು ಬಂದು ತಾರಸಿಯ ಮೆಟ್ಟಿಲ ಮೇಲೆ ಕೂತೆ. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ. ಎರಡನೆಯದು ಇಳಿಯಿತು. ಮೂರನೆಯದಕ್ಕೆ ಕೈ ಹಾಕುವಾಗ ಕಾಗೆ ರಪ್ಪನೆ ಕೆಳಗೆ ಬಂದು ಪಿಂಡ ಮುಟ್ಟಿತು. ಅಮ್ಮಾ, ಆ ಹಗುರ! ಎಂಜಲು ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ, ನಕ್ಕೆ, ಮತ್ತೆ ಅತ್ತೆ. ಆಗ ಬಿಸಿಲು ಜಾರಿ ಅಲ್ಲಿಗೆ ನೆರಳು ಬಂದಿತ್ತು, ಅದಕ್ಕೇ ಕಾಗೆ ಇಳಿಯಿತು ಎನ್ನುತ್ತಾನೆ ನನ್ನ ಮಗ. ಇರಬಹುದು.

ಅಂದಿನಿಂದ ನಾನು ಮೊದಲ ಪಂಕ್ತಿಗೇ ಕೂರುತ್ತೇನೆ. ಇವತ್ತೂ ಹಾಲು ತಂದವಳು ಗಂಡನಿಗೂ ಮಗನಿಗೂ ಕಾಯದೆ ಬಿಸಿ ದೋಸೆ ಹಾಕಿಕೊಂಡು ತಿಂದೆ. ಮುಂದೆ ನನ್ನ ತಿಥಿಯ ದಿನ ಮಕ್ಕಳು ಮಧ್ಯಾಹ್ನದ ತನಕ ಹಸಿದು ಕೂರಬಾರದಲ್ಲ. ನನ್ನ ಕಾಗೆ ಹನ್ನೊಂದಕ್ಕೆಲ್ಲ ಬಂದು ಉಂಡು ಹೋಗಬೇಕು.